ಗೋಡೌನು, ಗಿರಣಿ, ಮಂಟಪಕ್ಕೆ ಶೀಟು ಹಾಕಿಸುವ ಮುಂಚೆ: ಊರಿನ ಕಂಟ್ರಾಕ್ಟರನ್ನು ಆರಿಸುವುದು ಹೇಗೆ?

ಏಪ್ರಿಲ್ ಕೊನೆಯಲ್ಲಿ ಒಂದು ಜೋರು ಗಾಳಿಮಳೆ ಬಂದರೆ ಸಾಕು, ಶೀಟು ಹಾಕುವವರ ಫೋನಿಗೆ ಬಿಡುವೇ ಇರುವುದಿಲ್ಲ. ಅಡಿಕೆ ಗೋಡೌನಿನ ಶೀಟು ಹಾರಿರುತ್ತದೆ. ಅಕ್ಕಿ ಗಿರಣಿಯಲ್ಲಿ ಮೂಟೆಗಳ ಮೇಲೆ ನೀರು ಬಿದ್ದಿರುತ್ತದೆ. ಕಲ್ಯಾಣ ಮಂಟಪದವರಿಗೆ ಮುಂದಿನ ವಾರವೇ ಮದುವೆ ಬುಕಿಂಗ್ ಇರುತ್ತದೆ. ಆ ಹೊತ್ತಿನಲ್ಲಿ ಯಾರು ಸಿಕ್ಕರೆ ಅವರೇ ಗತಿ, ಅವರು ಹೇಳಿದ್ದೇ ರೇಟು. ಅವಸರದಲ್ಲಿ ಹಾಕಿದ ಚಾವಣಿ ಜುಲೈಯಲ್ಲಿ ಸೋರಿದರೆ ಮತ್ತೆ ಅದೇ ತಲೆಬಿಸಿ.

ಕರ್ನಾಟಕದ ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಏಪ್ರಿಲ್, ಮೇ ತಿಂಗಳ ಗುಡುಗು ಗಾಳಿ ಇದೆ. ಹಾಗಾಗಿ ನವೆಂಬರ್‌ನಲ್ಲಿ ಹುಡುಕಾಟ ಶುರು ಮಾಡಿ, ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡು, ಮಾರ್ಚ್ ಒಳಗೆ ಕೆಲಸ ಮುಗಿಸಿಕೊಳ್ಳಿ. ನವೆಂಬರ್‌ಗೆ ಇನ್ನೊಂದು ಅನುಕೂಲವೂ ಇದೆ. ಮಳೆ ಆಗಷ್ಟೇ ಹೋಗಿರುತ್ತದೆ, ಹಳೆಯ ಚಾವಣಿ ಎಲ್ಲೆಲ್ಲಿ ಸೋರಿತು ಅನ್ನುವ ಗುರುತು ಗೋಡೆ ಮೇಲೆ ಹಸಿಯಾಗಿಯೇ ಇರುತ್ತದೆ.

ಈ ಲೇಖನ ಶೀಟಿನ ಚಾವಣಿಯ ಕಟ್ಟಡಗಳ ಬಗ್ಗೆ: ಗೋಡೌನು, ಗಿರಣಿ, ಸಣ್ಣ ಕಾರ್ಖಾನೆ, ಮಂಟಪ, ಶೋರೂಮು. ಆರ್‌ಸಿಸಿ ಟೆರೇಸಿನ ವಾಟರ್‌ಪ್ರೂಫಿಂಗ್ ಬೇರೆಯೇ ಕೆಲಸ, ಅದನ್ನು ಮಾಡುವವರೂ ಬೇರೆ.

ಮೊದಲು ನಿಮ್ಮ ಅಗತ್ಯ ಬರೆದುಕೊಳ್ಳಿ

ಕಂಟ್ರಾಕ್ಟರನ್ನು ಕರೆಸುವ ಮುಂಚೆ ಒಂದು ಹಾಳೆ ತಗೊಂಡು ಕೂತುಕೊಳ್ಳಿ. ಕಟ್ಟಡದ ಉದ್ದ, ಅಗಲ, ಎತ್ತರ ಬರೆಯಿರಿ. ಒಳಗೆ ಏನು ಇಡುತ್ತೀರಿ, ಬರೆಯಿರಿ. ಅಡಿಕೆ, ಅಕ್ಕಿ, ಸಿಮೆಂಟಿಗೆ ಒಂದು ಹನಿ ನೀರೂ ಆಗದು. ಮರದ ಮಿಲ್ಲಿಗೆ ಅಷ್ಟು ತೊಂದರೆ ಇಲ್ಲ. ಒಳಗೆ ಜನ ಇಡೀ ದಿನ ಕೆಲಸ ಮಾಡುತ್ತಾರಾ? ಹಾಗಿದ್ದರೆ ಶೀಟಿನ ಕೆಳಗೆ ಶಾಖ ತಡೆಯುವ ಇನ್ಸುಲೇಷನ್, ಮೇಲೆ ಗಾಳಿಗೇ ತಿರುಗಿ ಬಿಸಿ ಹೊರಹಾಕುವ ಟರ್ಬೋ ಫ್ಯಾನು ಬೇಕಾಗುತ್ತದೆ. ಮುಂದೆ ಸೋಲಾರ್ ಹಾಕಿಸುವ ಯೋಚನೆ ಇದೆಯಾ? ಇದ್ದರೆ ಈಗಲೇ ಹೇಳಬೇಕು. ಪ್ಯಾನೆಲ್ ಮತ್ತು ಅದರ ಚೌಕಟ್ಟು ಸೇರಿ ಚದರ ಮೀಟರಿಗೆ ಸುಮಾರು 15 ಕಿಲೋ ಭಾರ ಬರುತ್ತದೆ. ಅದನ್ನು ಲೆಕ್ಕಕ್ಕೆ ತಗೊಳ್ಳದೆ ಕಟ್ಟಿದ ಟ್ರಸ್ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು) ಮೇಲೆ ಆಮೇಲೆ ಹೇರುವುದು ಅಪಾಯ.

ಹೊಸ ಕಟ್ಟಡವಾದರೆ, ಅಥವಾ ಹಳೆಯ ಟ್ರಸ್ ಬದಲಿಸುವುದಾದರೆ, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ. ಇಡೀ ಕೆಲಸದ ಖರ್ಚಿನಲ್ಲಿ ಅವರ ಫೀಸು ಸಣ್ಣದು. ಡ್ರಾಯಿಂಗ್ ಇದ್ದರೆ ಮೂವರು ಕಂಟ್ರಾಕ್ಟರುಗಳೂ ಒಂದೇ ಕೆಲಸಕ್ಕೆ ರೇಟು ಕೊಡುತ್ತಾರೆ. ಇಲ್ಲದಿದ್ದರೆ ಒಬ್ಬರು ದಪ್ಪ ಪೈಪಿಗೆ, ಇನ್ನೊಬ್ಬರು ತೆಳು ಪೈಪಿಗೆ ರೇಟು ಹೇಳುತ್ತಾರೆ. ನೀವು ಕಡಿಮೆ ಹೇಳಿದವರನ್ನು ಆರಿಸುತ್ತೀರಿ, ತೆಳು ಪೈಪು ನಿಮ್ಮ ತಲೆಯ ಮೇಲೆ ಬರುತ್ತದೆ.

ಊರಿನವರನ್ನೇ ಹುಡುಕಿ

ದೊಡ್ಡ ಕಾರ್ಖಾನೆ ಕಟ್ಟುವವರಿಗೆ ಬೆಂಗಳೂರಿನ ದೊಡ್ಡ ಕಂಪನಿಗಳು ಸರಿ. ಐದು, ಹತ್ತು ಸಾವಿರ ಚದರಡಿಯ ಗೋಡೌನಿಗೆ ನಿಮ್ಮ ತಾಲ್ಲೂಕಿನ, ಹೆಚ್ಚೆಂದರೆ ಪಕ್ಕದ ತಾಲ್ಲೂಕಿನ ಕಂಟ್ರಾಕ್ಟರೇ ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ. ಜುಲೈ ಮಳೆಯಲ್ಲಿ ರಿಡ್ಜ್ (ಚಾವಣಿಯ ಎರಡು ಇಳಿಜಾರು ಸೇರುವ ನೆತ್ತಿ) ಹತ್ತಿರ ಸೋರಿದರೆ ಬಂದು ಹತ್ತಿ ನೋಡಬೇಕಾದವರು ಅವರೇ ಅಲ್ವಾ? ದೂರದವರು ಒಂದು ತೇಪೆ ಕೆಲಸಕ್ಕೆ ಇನ್ನೂರು ಕಿಲೋಮೀಟರ್ ಬರುವುದಿಲ್ಲ. ಊರಿನವರಿಗೆ ಇಲ್ಲಿನ ಗಾಳಿ ಯಾವ ದಿಕ್ಕಿನಿಂದ ಬಡಿಯುತ್ತದೆ, ಎರಚಲು ಯಾವ ಕಡೆ ಹೊಡೆಯುತ್ತದೆ ಅನ್ನುವುದೂ ಗೊತ್ತಿರುತ್ತದೆ.

ಹೆಸರುಗಳನ್ನು ಎಲ್ಲಿ ಕೇಳಬೇಕು? ಶೀಟು, ಸ್ಟೀಲು ಮಾರುವ ಅಂಗಡಿಯಲ್ಲಿ ಕೇಳಿ. ಯಾರು ಒಳ್ಳೆಯ ಮಾಲು ಒಯ್ಯುತ್ತಾರೆ, ಯಾರು ಸಾಲ ಉಳಿಸಿಕೊಂಡಿದ್ದಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಎಪಿಎಂಸಿ ಯಾರ್ಡಿನ ವರ್ತಕರನ್ನು, ಇಂಡಸ್ಟ್ರಿಯಲ್ ಏರಿಯಾದ ಅಕ್ಕಪಕ್ಕದ ಶೆಡ್ಡಿನವರನ್ನು ಕೇಳಿ. ಸಹಕಾರ ಸಂಘದ ಗೋಡೌನು ಯಾರು ಮಾಡಿದ್ದು ಅಂತ ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಹೀಗೆ ನಾಲ್ಕೈದು ಹೆಸರು ಸಿಕ್ಕರೆ ಸಾಕು.

ಹೆಸರು ಸಿಕ್ಕ ಮೇಲೆ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿಬಿಡಿ: "ಕೆಲಸ ನಿಮ್ಮ ಹುಡುಗರೇ ಮಾಡ್ತಾರಾ, ಬೇರೆಯವರಿಗೆ ಕೊಡ್ತೀರಾ?" ಎಷ್ಟೋ ಕಡೆ ಮಾತಾಡುವವರು ಒಬ್ಬರು, ಮೇಲೆ ಹತ್ತುವ ತಂಡ ಇನ್ನೊಬ್ಬರದು. ಅದೇನೂ ತಪ್ಪಲ್ಲ. ಆದರೆ ಸೈಟಿನಲ್ಲಿ ದಿನವೂ ನಿಂತು ನೋಡಿಕೊಳ್ಳುವ ಮೇಸ್ತ್ರಿ ಯಾರು ಅನ್ನುವುದು ಮೊದಲೇ ಗೊತ್ತಾಗಬೇಕು.

ಮೂರು ಮಳೆಗಾಲ ಕಂಡ ಚಾವಣಿ ತೋರಿಸಿ ಅನ್ನಿ

ಹೊಸದಾಗಿ ಹಾಕಿದ ಶೀಟು ಎಲ್ಲರದೂ ಚೆಂದ ಕಾಣುತ್ತದೆ. ಮೊಬೈಲಿನಲ್ಲಿ ತೋರಿಸುವ ಫೋಟೋಗಳಿಂದ ಏನೂ ಗೊತ್ತಾಗುವುದಿಲ್ಲ. ಮೂರು ವರ್ಷ ಹಿಂದೆ ಮಾಡಿದ ಎರಡು ಕೆಲಸ ತೋರಿಸಿ ಅಂತ ಕೇಳಿ. ಅಲ್ಲಿಗೆ ನೀವೇ ಹೋಗಿ, ಆದರೆ ಕಂಟ್ರಾಕ್ಟರ್ ಜೊತೆಗೆ ಬೇಡ. ಮಾಲೀಕರು ಒಬ್ಬರೇ ಇದ್ದಾಗ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಒಳಗೆ ಹೋದ ಕೂಡಲೇ ಲೈಟು ಆರಿಸಿ, ಬಾಗಿಲು ಮುಚ್ಚಿ, ತಲೆ ಎತ್ತಿ ನೋಡಿ. ಶೀಟಿನಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ನೀರೂ ಬರುತ್ತದೆ. ಪರ್ಲಿನ್ (ಶೀಟು ಕೂರುವ ಅಡ್ಡ ಕಬ್ಬಿಣ) ಮೇಲೆ, ಸ್ಕ್ರೂ ಇರುವ ಕಡೆ, ತುಕ್ಕಿನ ಕೆಂಪು ಗೆರೆ ಇಳಿದಿದೆಯಾ ನೋಡಿ. ಗೋಡೆ ಮತ್ತು ಶೀಟು ಸೇರುವ ಜಾಗದಲ್ಲಿ ಪಾಚಿ ಕಟ್ಟಿದೆಯಾ? ವೆಲ್ಡಿಂಗ್ ಮಾಡಿದ ಸಂದುಗಳಿಗೆ ಬಣ್ಣ ನಿಂತಿದೆಯಾ? ಹೊರಗೆ ಬಂದು ಅಂಚಿನಲ್ಲಿ ಮಳೆನೀರು ಹಿಡಿಯುವ ಗಟರ್ ನೋಡಿ. ನಡುವೆ ಬಾಗಿ ನೀರು ನಿಂತಿದ್ದರೆ ಇಳಿಜಾರು ಕೊಟ್ಟಿಲ್ಲ ಅಂತ ಅರ್ಥ.

ಆಮೇಲೆ ಮಾಲೀಕರಿಗೆ ಒಂದೇ ಮಾತು ಕೇಳಿ: "ಸೋರಿದಾಗ ಫೋನ್ ಮಾಡಿದ್ರೆ ಬಂದ್ರಾ?" ಎಂಥ ಒಳ್ಳೆಯವರು ಹಾಕಿದರೂ ಮೊದಲ ವರ್ಷ ಒಂದೆರಡು ಕಡೆ ಸೋರಬಹುದು. ಬಂದು ಸರಿಮಾಡಿಕೊಟ್ಟವರನ್ನು ಧೈರ್ಯವಾಗಿ ನಂಬಿ.

ಚದರಡಿ ಅಂದರೆ ಯಾವ ಚದರಡಿ?

ಜಗಳ ಹುಟ್ಟುವುದು ಬಹುತೇಕ ಇಲ್ಲೇ. ಒಂದು ಉದಾಹರಣೆ ನೋಡೋಣ.

ನಿಮ್ಮ ಗೋಡೌನು 60 ಅಡಿ ಅಗಲ, 100 ಅಡಿ ಉದ್ದ. ನೆಲದ ಲೆಕ್ಕ 6,000 ಚದರಡಿ. ಸುತ್ತಲೂ ಎರಡೆರಡು ಅಡಿ ಶೀಟು ಹೊರಗೆ ಚಾಚಿದರೆ 64 ಅಡಿ, 104 ಅಡಿ ಆಯಿತು. ಚಾವಣಿಗೆ 15 ಡಿಗ್ರಿ ಇಳಿಜಾರು ಇದ್ದರೆ, ಇಳಿಜಾರಿನ ಮೇಲೆ ಅಳೆದಾಗ ಸುಮಾರು 6,900 ಚದರಡಿ ಬರುತ್ತದೆ. ಇನ್ನು ಶೀಟಿನ ಲೆಕ್ಕ. ಸಾಮಾನ್ಯವಾಗಿ ಸಿಗುವ ಮೂರೂವರೆ ಅಡಿ ಅಗಲದ ಶೀಟಿನಲ್ಲಿ ಒಂದು ಉಬ್ಬು ಪಕ್ಕದ ಶೀಟಿನ ಮೇಲೆ ಕೂರುತ್ತದೆ. ಮುಚ್ಚುವ ಅಗಲ ಒಂದು ಮೀಟರಿನ ಹತ್ತಿರ ಮಾತ್ರ. ಆ ಓವರ್‌ಲ್ಯಾಪ್ ಸೇರಿಸಿದರೆ ಒಟ್ಟು ಸುಮಾರು 7,400 ಚದರಡಿ ಶೀಟು ಬೇಕು.

ಅದೇ ಕಟ್ಟಡ, ಆದರೆ 6,000, 6,900, 7,400 ಅಂತ ಮೂರು ಲೆಕ್ಕ. ಮೊದಲನೆಯದಕ್ಕೂ ಕೊನೆಯದಕ್ಕೂ ಶೇಕಡಾ 23ರಷ್ಟು ವ್ಯತ್ಯಾಸ. ಒಬ್ಬರು ಚದರಡಿಗೆ ಹತ್ತು ರೂಪಾಯಿ ಕಡಿಮೆ ಹೇಳಿದರು ಅಂತ ಖುಷಿಪಡುವ ಮುಂಚೆ, ಅವರು ಯಾವ ಅಳತೆಗೆ ಹೇಳಿದ್ದು ಅಂತ ಕೇಳಿ. ಮೂರರಲ್ಲಿ ಯಾವುದಾದರೂ ಪರವಾಗಿಲ್ಲ, ಎಲ್ಲರದೂ ಒಂದೇ ಆಗಿರಬೇಕು. "ಹಾಕಿದ ಮೇಲೆ, ಇಳಿಜಾರಿನ ಮೇಲಿನ ಅಳತೆ, ಓವರ್‌ಲ್ಯಾಪ್ ಬಿಟ್ಟು" ಅಂತ ಕೊಟೇಶನ್ನಿನಲ್ಲಿ ಬರೆಸಿಕೊಂಡರೆ ಅಳೆಯುವುದೂ ಸುಲಭ, ಗೊಂದಲವೂ ಇರುವುದಿಲ್ಲ.

ರಿಡ್ಜ್ ಕ್ಯಾಪ್, ಗಟರ್, ಫ್ಲಾಶಿಂಗ್ (ಗೋಡೆ, ಶೀಟಿನ ಸಂದು ಮುಚ್ಚುವ ತಗಡಿನ ಪಟ್ಟಿ), ನೀರು ಕೆಳಗಿಳಿಸುವ ಡೌನ್ ಪೈಪ್ ಇವೆಲ್ಲ ರನ್ನಿಂಗ್ ಫೀಟ್, ಅಂದರೆ ಉದ್ದದ ಅಡಿ ಲೆಕ್ಕದಲ್ಲಿ ಬರುತ್ತವೆ. ಇವು ಚದರಡಿ ರೇಟಿನ ಒಳಗಾ, ಹೊರಗಾ? ಕೇಳಿ ಬರೆಸಿ. ಟ್ರಸ್ ಮತ್ತು ಪರ್ಲಿನ್ ಕಬ್ಬಿಣವನ್ನು ಕಿಲೋ ಲೆಕ್ಕದಲ್ಲಿ ಮಾತಾಡಿದರೆ ಪ್ರತಿ ಲೋಡಿಗೂ ತೂಕದ ಚೀಟಿ ಇರಬೇಕು. ಹಳೆಯ ಶೀಟು, ಹಳೆಯ ಕಬ್ಬಿಣ ಯಾರಿಗೆ ಸೇರಿದ್ದು ಅನ್ನುವುದನ್ನೂ ಮೊದಲೇ ಹೇಳಿಕೊಳ್ಳಿ. ಅದರ ಗುಜರಿ ಬೆಲೆ ಸಣ್ಣದೇನಲ್ಲ.

ದಪ್ಪ ಹೇಳಿದ್ದೊಂದು, ಬಂದಿದ್ದೊಂದು ಆಗಬಾರದು

ಬಣ್ಣದ ಶೀಟಿನಲ್ಲಿ 0.50 ಮಿ.ಮೀ. ಅಂದರೆ ಸಾಮಾನ್ಯವಾಗಿ ಬಣ್ಣ, ಲೇಪನ ಎಲ್ಲ ಸೇರಿದ ದಪ್ಪ. ಒಳಗಿನ ಉಕ್ಕು 0.43ರ ಆಸುಪಾಸು ಇರುತ್ತದೆ. ಇದು ಮೋಸ ಅಲ್ಲ, ಮಾರುಕಟ್ಟೆಯ ರೂಢಿ. ಮೋಸ ಆಗುವುದು 0.50 ಅಂತ ಹೇಳಿ 0.40 ತಂದು ಹಾಕಿದಾಗ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಹಿಡಿಯುವುದು ಹೇಗೆ? ತೂಕ ಹಾಕಿ. 1,220 ಮಿ.ಮೀ. ಅಗಲದ ಕಾಯಿಲ್‌ನಿಂದ (ಉಬ್ಬು ಮಾಡುವ ಮುಂಚಿನ ಚಪ್ಪಟೆ ತಗಡಿನ ಸುರುಳಿ) ಮಾಡಿದ 0.50ರ ಶೀಟು ಒಂದು ಮೀಟರ್ ಉದ್ದಕ್ಕೆ ಸುಮಾರು 4.3 ಕಿಲೋ ತೂಗುತ್ತದೆ. 0.40 ಆದರೆ 3.4 ಕಿಲೋ. ಮೇಲಿನ ಗೋಡೌನಿಗೆ ಬೇಕಾದ 33 ಅಡಿಯ ಒಂದು ಶೀಟಿನಲ್ಲೇ ಒಂಬತ್ತು ಕಿಲೋ ವ್ಯತ್ಯಾಸ ಬಂತು. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ಒಂದು ತುಂಡು ಇಟ್ಟರೂ ಗೊತ್ತಾಗುತ್ತದೆ. ಮೈಕ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹೆಸರಾಂತ ಕಂಪನಿಗಳ ಶೀಟಿನ ಹಿಂಬದಿಯಲ್ಲಿ ಕಂಪನಿ ಹೆಸರು, ದಪ್ಪ, ಲೇಪನದ ವಿವರ ಅಚ್ಚಾಗಿರುತ್ತದೆ. ಲಾರಿಯಿಂದ ಇಳಿಸುವಾಗಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಲೇಪನದ ಬಗ್ಗೆಯೂ ಕೇಳಿ. ಗ್ಯಾಲ್ವಾಲ್ಯೂಮ್ ಅನ್ನುವುದು ಅಲ್ಯೂಮಿನಿಯಂ ಮತ್ತು ಸತುವಿನ ಲೇಪನ, ಅದರಲ್ಲಿ ಶೇಕಡಾ 55 ಅಲ್ಯೂಮಿನಿಯಂ. ಎಝಡ್ 150 ಅಂದರೆ ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ. 70, 100 ಗ್ರಾಮಿನದೂ ಸಿಗುತ್ತದೆ, ಅಗ್ಗವೂ ಇರುತ್ತದೆ, ಬಾಳಿಕೆ ಕಡಿಮೆ. ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಕಡೆ ಈ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಸ್ಕ್ರೂ ಕೂಡ ಒಳ್ಳೆಯ ಲೇಪನದ್ದೇ ಆಗಲಿ. ಶೀಟು ಗಟ್ಟಿ ಇದ್ದು ಸ್ಕ್ರೂ ತುಕ್ಕು ಹಿಡಿದರೆ ಚಾವಣಿಯ ಆಯಸ್ಸು ಸ್ಕ್ರೂವಿನಷ್ಟೇ.

ಶೀಟನ್ನು ನೀವೇ ನಿಮ್ಮ ಹೆಸರಿನ ಬಿಲ್ಲಿನಲ್ಲಿ ತಂದು ಕೊಟ್ಟು, ಕಂಟ್ರಾಕ್ಟರಿಗೆ ಕೂಲಿ ಮಾತ್ರ ಮಾತಾಡುವುದೂ ಒಂದು ದಾರಿ. ದಪ್ಪದ ಚಿಂತೆ ತಪ್ಪುತ್ತದೆ, ಕಂಪನಿಯ ವಾರಂಟಿ ಕಾಗದ ನಿಮ್ಮ ಹೆಸರಿಗೇ ಬರುತ್ತದೆ. ಆದರೆ ಅಳತೆ ತಪ್ಪಿದರೆ ನಷ್ಟ ನಿಮ್ಮದೇ. ದಿನವೂ ಸೈಟಿನಲ್ಲಿ ಇರಲು ಆಗುವವರಿಗೆ ಮಾತ್ರ ಇದು ಸರಿಹೋಗುತ್ತದೆ.

ಗಾಳಿಯ ಲೆಕ್ಕ ಕೇಳಿ

ಚಾವಣಿ ಅಂದ ಕೂಡಲೇ ನಮಗೆ ಮಳೆ ನೆನಪಾಗುತ್ತದೆ. ಶೀಟು ಹಾರಿಸುವುದು ಗಾಳಿ. ನಮ್ಮ ದೇಶದ ಗಾಳಿ ಭಾರದ ಮಾನದಂಡ ಐಎಸ್ 875, ಮೂರನೇ ಭಾಗ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ ಅಂತ ಇದೆ. ಮಂಗಳೂರಿನದು ಗಂಟೆಗೆ 140 ಕಿಲೋಮೀಟರ್ ಆಯಿತು. ಆ ವೇಗದ ಗಾಳಿಯ ಒತ್ತಡ ಸರಳ ಲೆಕ್ಕದಲ್ಲಿ ಚದರ ಮೀಟರಿಗೆ 93 ಕಿಲೋದಷ್ಟು. ಶೀಟಿನ ಸ್ವಂತ ತೂಕ ಚದರ ಮೀಟರಿಗೆ ನಾಲ್ಕು ಕಿಲೋ ಸುತ್ತಮುತ್ತ. ಅಂದರೆ ಶೀಟನ್ನು ಹಿಡಿದಿಡುವುದು ಬರೀ ಸ್ಕ್ರೂ, ಸ್ಕ್ರೂವನ್ನು ಹಿಡಿದಿಡುವುದು ಪರ್ಲಿನ್, ಅದನ್ನು ಹಿಡಿದಿಡುವುದು ಟ್ರಸ್ ಮತ್ತು ಅಡಿಪಾಯದ ಬೋಲ್ಟು.

ಗಾಳಿ ಜಾಸ್ತಿ ಎಳೆಯುವುದು ಮೂಲೆಗಳಲ್ಲಿ, ಅಂಚಿನಲ್ಲಿ, ರಿಡ್ಜ್ ಹತ್ತಿರ. "ಅಂಚಿನಲ್ಲಿ ಸ್ಕ್ರೂ ಎಷ್ಟು ಹತ್ತಿರ ಹಾಕ್ತೀರಿ? ಪರ್ಲಿನ್ ಎಷ್ಟು ಅಡಿಗೊಂದು?" ಅಂತ ಕೇಳಿ. ಒಳ್ಳೆಯ ಕಂಟ್ರಾಕ್ಟರ್ ಅಂಚಿಗೆ ಬೇರೆ, ನಡುವೆ ಬೇರೆ ಲೆಕ್ಕ ಹೇಳುತ್ತಾರೆ. "ಎಲ್ಲಾ ಕಡೆ ಒಂದೇ ಸಾರ್, ಏನೂ ಆಗಲ್ಲ" ಅಂದವರನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ.

ನೀರಿನ ಲೆಕ್ಕವನ್ನೂ ಇದೇ ಹೊತ್ತಿಗೆ ಕೇಳಿಬಿಡಿ. ಗಂಟೆಗೆ 100 ಮಿ.ಮೀ. ರಭಸದಲ್ಲಿ ಮಳೆ ಹೊಡೆದರೆ ಸಾವಿರ ಚದರಡಿ ಚಾವಣಿಯಿಂದ ನಿಮಿಷಕ್ಕೆ ಸುಮಾರು 155 ಲೀಟರ್ ಇಳಿಯುತ್ತದೆ. ನಿಮ್ಮ ಗೋಡೌನಿನ ಪೂರ್ತಿ ಚಾವಣಿಗೆ ಸಾವಿರ ಲೀಟರಿನ ಒಂದು ಟ್ಯಾಂಕು ಪ್ರತಿ ನಿಮಿಷ! ಗಟರ್ ಎಷ್ಟು ಅಗಲ, ಡೌನ್ ಪೈಪ್ ಎಷ್ಟು ಅನ್ನುವುದು ಈ ಲೆಕ್ಕದಿಂದ ಬರಬೇಕು. ಬೆಂಗಳೂರಿನಲ್ಲಾದರೆ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಪೈಪುಗಳನ್ನು ಅದಕ್ಕೆ ಹೊಂದಿಸಿಯೇ ಇಳಿಸಲು ಹೇಳಿ.

ಮೇಲೆ ಹತ್ತುವವರ ಜೀವ

ಇದನ್ನು ಓದದೆ ಮುಂದೆ ಹೋಗಬೇಡಿ. ಶೀಟು ಕೆಲಸದಲ್ಲಿ ಜನ ಸಾಯುತ್ತಾರೆ. ಅಂಚಿನಿಂದ ಜಾರಿ ಬೀಳುತ್ತಾರೆ. ಹಳೆಯ ಸಿಮೆಂಟ್ ಶೀಟಿನ ಮೇಲೋ ಬೆಳಕಿಗೆ ಹಾಕಿದ ಫೈಬರ್ ಶೀಟಿನ ಮೇಲೋ ಕಾಲಿಟ್ಟಾಗ ಅದು ಒಡೆದು ನೇರ ನೆಲಕ್ಕೆ ಬೀಳುತ್ತಾರೆ. ಮನೆಯಲ್ಲಿ ಅವರನ್ನು ಕಾಯುವವರು ಇರುತ್ತಾರೆ.

ಆದ್ದರಿಂದ ಒಪ್ಪಂದಕ್ಕೆ ಮುಂಚೆ ಮೂರು ವಿಷಯ ಖಚಿತವಾಗಲಿ. ಮೈಪೂರ್ತಿ ಸೇಫ್ಟಿ ಬೆಲ್ಟ್, ಅದನ್ನು ಸಿಕ್ಕಿಸಲು ಬಿಗಿಯಾಗಿ ಕಟ್ಟಿದ ಲೈಫ್‌ಲೈನ್ ಹಗ್ಗ ಇದೆಯಾ? ಹಳೆಯ ಶೀಟಿನ ಮೇಲೆ ಓಡಾಡಲು ಹಲಗೆ ಹಾಕುತ್ತಾರಾ? ಕೆಲಸಗಾರರಿಗೆ ಇಎಸ್‌ಐ ಅಥವಾ ಕಾರ್ಮಿಕ ಪರಿಹಾರ ವಿಮೆ ಇದೆಯಾ? ವಿಮೆಯ ಕಾಗದವನ್ನು ಕಣ್ಣಾರೆ ನೋಡಿ. ತಾರೀಖು ಚಾಲ್ತಿಯಲ್ಲಿದೆಯಾ, ಎತ್ತರದ ಕೆಲಸಕ್ಕೆ ಅನ್ವಯಿಸುತ್ತದಾ ನೋಡಿ. ಅನಾಹುತವಾದರೆ ಕೆಲಸ ಮಾಡಿಸಿದ ಮಾಲೀಕರ ಮೇಲೂ ಪರಿಹಾರದ ಹೊಣೆ ಬರಬಹುದು. ವಿಮೆ ಇಲ್ಲ ಅಂದರೆ ಪ್ರೀಮಿಯಂ ನೀವೇ ಕೊಟ್ಟಾದರೂ ಮಾಡಿಸಿ. ಕಟ್ಟಡದ ಹತ್ತಿರ ಕರೆಂಟಿನ ಲೈನು ಹಾದುಹೋಗಿದ್ದರೆ ನಿಮ್ಮ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಕೊಡಿ. ಮೂವತ್ತು ಅಡಿ ಶೀಟು ಎತ್ತುವಾಗ ಗಾಳಿಗೆ ಅದು ಎಲ್ಲಿಗೆ ತಿರುಗುತ್ತದೋ ಹೇಳಲಾಗದು.

ಹಳೆಯ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಆಸ್‌ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ಮೇಲೆ ಕ್ಯಾನ್ಸರ್ ಬರಬಹುದು. ತೆಗೆಯುವಾಗ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಒಡೆದು ಬೀಳಿಸುವುದು, ಗ್ರೈಂಡರಿನಲ್ಲಿ ಕತ್ತರಿಸುವುದು ಬೇಡವೇ ಬೇಡ. ಚೂರುಗಳನ್ನು ರಸ್ತೆ ಗುಂಡಿಗೆ ಸುರಿಯಲು ಬಿಡಬೇಡಿ. ಎಲ್ಲಿಗೆ ಕೊಡಬೇಕು ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಕಾಗದ ಮತ್ತು ದುಡ್ಡು

ಕಂಟ್ರಾಕ್ಟರ್ ಕೊಟ್ಟ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅದು ಚಾಲ್ತಿಯಲ್ಲಿದೆಯಾ, ಯಾವಾಗ ನೋಂದಣಿಯಾಯಿತು ಅಂತ ಪುಕ್ಕಟೆ ಗೊತ್ತಾಗುತ್ತದೆ. ರೇಟಿನ ಮೇಲೆ ಜಿಎಸ್‌ಟಿ ಬೇರೆಯಾ, ಸೇರಿಯಾ ಅಂತ ಬರೆಸಿ. 18 ಪರ್ಸೆಂಟ್ ಸಣ್ಣ ಮೊತ್ತ ಅಲ್ಲ. ಹೊಸ ಕಟ್ಟಡಕ್ಕೂ ರಿಪೇರಿಗೂ ಇನ್‌ಪುಟ್ ಕ್ರೆಡಿಟ್ಟಿನ (ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯುವುದು) ನಿಯಮ ಬೇರೆ ಬೇರೆ. ಕಂಟ್ರಾಕ್ಟರ್ ಬಿಲ್ಲಿನಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯಬೇಕಾಗಿಯೂ ಬರಬಹುದು. ಎರಡನ್ನೂ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿ.

ಒಪ್ಪಂದ ಕನ್ನಡದಲ್ಲೇ ಇರಲಿ, ಇಬ್ಬರಿಗೂ ಅರ್ಥವಾಗುವಂತೆ. ಒಂದು ಸಾಲಿನ ಮಾದರಿ ಇಲ್ಲಿದೆ: "ಎಝಡ್ 150 ಲೇಪನದ, ಒಟ್ಟು 0.50 ಮಿ.ಮೀ. ದಪ್ಪದ ಬಣ್ಣದ ಶೀಟು, ರಿಡ್ಜ್‌ನಿಂದ ಅಂಚಿನವರೆಗೆ ಒಂದೇ ಉದ್ದ, ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಪರ್ಲಿನ್ ಡ್ರಾಯಿಂಗ್ ಪ್ರಕಾರ." ಇಷ್ಟು ಬರೆದರೆ ಆಮೇಲೆ ವಾದಕ್ಕೆ ಜಾಗವಿಲ್ಲ. "ಒಳ್ಳೆ ಕ್ವಾಲಿಟಿ ಶೀಟು" ಅಂತ ಬರೆದರೆ ಪೂರ್ತಿ ವಾದವೇ. ಒಂದೇ ಉದ್ದದ ಶೀಟಿಗೆ ಉದ್ದದ ಲಾರಿ ಬರಬೇಕು. ನಿಮ್ಮ ರಸ್ತೆ ತಿರುವಿನಲ್ಲಿ ಅದು ತಿರುಗುತ್ತದಾ ನೋಡಿಕೊಳ್ಳಿ.

ಗ್ಯಾರಂಟಿ ಎರಡು ಥರ. ಶೀಟಿನ ಬಣ್ಣ, ಲೇಪನಕ್ಕೆ ಕಂಪನಿಯದು. ಸೋರಿದರೆ ಕಂಟ್ರಾಕ್ಟರದು. ಕಂಪನಿಯ ಹತ್ತು ವರ್ಷದ ಕಾರ್ಡು ತೋರಿಸಿ "ಹತ್ತು ವರ್ಷ ಗ್ಯಾರಂಟಿ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಸೋರಿಕೆಗೆ ಎಷ್ಟು ವರ್ಷ, ಫೋನ್ ಮಾಡಿದ ಎಷ್ಟು ದಿನದೊಳಗೆ ಬರುತ್ತಾರೆ ಅಂತ ಬೇರೆಯಾಗಿ ಬರೆಸಿ.

ದುಡ್ಡನ್ನು ಕೆಲಸದ ಹಂತಕ್ಕೆ ಕಟ್ಟಿಹಾಕಿ. ಅಡ್ವಾನ್ಸ್ 20 ಪರ್ಸೆಂಟ್, ಮಾಲು ಸೈಟಿಗೆ ಬಂದು ನೀವು ಪರೀಕ್ಷಿಸಿದ ಮೇಲೆ 40, ಶೀಟು ಹಾಕಿ ಮುಗಿದ ಮೇಲೆ 30, ಉಳಿದ 10 ಸೆಪ್ಟೆಂಬರ್ ಕೊನೆಗೆ, ಒಂದು ಮಳೆಗಾಲ ಕಳೆದ ಮೇಲೆ. ಈ ಕೊನೆಯ ಹತ್ತಕ್ಕೆ ಕೆಲವರು ಮೂಗು ಮುರಿಯುತ್ತಾರೆ. ತಮ್ಮ ಕೆಲಸದ ಮೇಲೆ ನಂಬಿಕೆ ಇರುವವರು ಸ್ವಲ್ಪ ಚೌಕಾಸಿ ಮಾಡಿ ಒಪ್ಪುತ್ತಾರೆ. ನೀವೂ ಮಾತು ಉಳಿಸಿಕೊಳ್ಳಬೇಕು. ಊರಿನ ಕಂಟ್ರಾಕ್ಟರುಗಳಿಗೆ ದೊಡ್ಡ ಬಂಡವಾಳ ಇರುವುದಿಲ್ಲ. ಶನಿವಾರ ಹುಡುಗರಿಗೆ ಬಟವಾಡೆ ಆಗಲೇಬೇಕು. ಹಂತ ಮುಗಿದ ಮೇಲೂ ದುಡ್ಡು ಎಳೆದಾಡಿದರೆ ಅವರು ಜನರನ್ನು ಬೇರೆ ಸೈಟಿಗೆ ಕರೆದೊಯ್ಯುತ್ತಾರೆ, ಆಗ ಅವರನ್ನು ಬೈಯುವುದು ನ್ಯಾಯವಲ್ಲ.

ಕೆಲಸ ನಡೆಯುವಾಗ

ದಿನಕ್ಕೊಮ್ಮೆ ಹೋಗಿ. ಟ್ರಸ್‌ಗೆ ಪ್ರೈಮರ್ ಮತ್ತು ಬಣ್ಣ ಶೀಟು ಹಾಕುವ ಮುಂಚೆಯೇ ಆಗಬೇಕು. ಶೀಟು ಕೂತ ಮೇಲೆ ಪರ್ಲಿನ್‌ನ ಮೇಲ್ಭಾಗಕ್ಕೆ ಬ್ರಷ್ ಹೋಗುವುದಿಲ್ಲ.

ಸ್ಕ್ರೂವನ್ನು ಹತ್ತಿರದಿಂದ ನೋಡಿ. ಅದರ ತಲೆಯ ಕೆಳಗಿನ ಕಪ್ಪು ರಬ್ಬರ್ ವಾಷರ್ ಸಮವಾಗಿ ಒತ್ತಿ ಕೂತಿರಬೇಕು. ರಬ್ಬರ್ ಹೊರಗೆ ಚಿಮ್ಮಿ ಹರಿದಿದ್ದರೆ ಜಾಸ್ತಿ ಬಿಗಿಯಾಗಿದೆ. ವಾಷರ್ ಕೈಯಲ್ಲಿ ತಿರುಗಿದರೆ ಸಡಿಲ. ಓರೆಯಾಗಿ ಹೊಕ್ಕಿದ್ದರೆ ಒಂದು ಬದಿಯಿಂದ ನೀರು ಇಳಿಯುತ್ತದೆ. ಮೂರೂ ಸೋರಿಕೆಯ ದಾರಿಗಳೇ. ಡ್ರಿಲ್ ಮಾಡಿದಾಗ ಉದುರುವ ಕಬ್ಬಿಣದ ಚೂರುಗಳನ್ನು ಅದೇ ದಿನ ಸಂಜೆ ಗುಡಿಸಬೇಕು. ಒಂದು ರಾತ್ರಿಯ ಇಬ್ಬನಿ ಬಿದ್ದರೂ ಅವು ತುಕ್ಕು ಹಿಡಿದು ಶೀಟಿನ ಬಣ್ಣಕ್ಕೆ ಅಂಟಿಕೊಳ್ಳುತ್ತವೆ. ಶೀಟನ್ನು ಗ್ರೈಂಡರಿನಲ್ಲಿ ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ, ಕಿಡಿ ಬಿದ್ದ ಕಡೆಯೆಲ್ಲ ಕೆಂಪು ಚುಕ್ಕೆ ಏಳುತ್ತದೆ. ಶೀಟು ಕತ್ತರಿ ಬಳಸಲು ಹೇಳಿ. ಗೋಡೆಗೆ ಸೇರುವ ಕಡೆ ಹಸಿ ಸಿಮೆಂಟು ಗ್ಯಾಲ್ವಾಲ್ಯೂಮ್ ಶೀಟಿಗೆ ತಾಗಬಾರದು, ಲೇಪನವನ್ನು ತಿನ್ನುತ್ತದೆ. ಅಲ್ಲಿ ಫ್ಲಾಶಿಂಗ್ ಮತ್ತು ಸೀಲೆಂಟ್ ಬೇಕು.

ಒಳಗೆ ಮಾಲು ಇದ್ದರೆ ವೆಲ್ಡಿಂಗ್ ದಿನ ಅದನ್ನು ಬೇರೆ ಕಡೆ ಸಾಗಿಸಿ. ಗೋಣಿಚೀಲದ ರಾಶಿಯಲ್ಲಿ ಒಂದು ಕಿಡಿ ಗಂಟೆಗಟ್ಟಲೆ ಒಳಗೇ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳಬಹುದು. ವೆಲ್ಡಿಂಗ್ ಮುಗಿದ ಸಂಜೆ ಕಾವಲಿಗೆ ಒಬ್ಬರು ಇರಲಿ.

30 ಪರ್ಸೆಂಟ್ ಚೆಕ್ ಬರೆಯುವ ಮುಂಚೆ

ಮಳೆ ಬರುವವರೆಗೆ ಕಾಯಬೇಕಿಲ್ಲ. ಟ್ಯಾಂಕರ್ ತರಿಸಿ, ಪೈಪಿನಿಂದ ಕೆಳಗಿನ ಅಂಚಿನಿಂದ ಶುರುಮಾಡಿ ನಿಧಾನವಾಗಿ ರಿಡ್ಜ್‌ವರೆಗೆ ನೀರು ಬಿಡಿಸಿ. ಒಬ್ಬರು ಒಳಗೆ ಟಾರ್ಚು ಹಿಡಿದು ನೋಡುತ್ತಿರಲಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಡೆ ಹರಿದು, ಸೋರುವ ಜಾಗ ಯಾವುದು ಅಂತ ತಿಳಿಯುವುದಿಲ್ಲ. ಸಿಕ್ಕ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಫೋಟೋ ತೆಗೆದು ಕಂಟ್ರಾಕ್ಟರಿಗೆ ಕಳಿಸಿ.

ಅಳತೆಯನ್ನು ಇಬ್ಬರೂ ಕೂಡಿ ಟೇಪು ಹಿಡಿದು ಬರೆದು ಸಹಿ ಮಾಡಿ. ಶೀಟಿನ ಬಿಲ್ಲು, ವಾರಂಟಿ ಕಾರ್ಡು, ಡ್ರಾಯಿಂಗ್ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಕಟ್ಟಡದ ವಿಮೆ ಇದ್ದರೆ ಹೊಸ ಚಾವಣಿಯ ಮೌಲ್ಯ ಸೇರಿಸಲು ಏಜೆಂಟರಿಗೆ ತಿಳಿಸಿ. ಉಳಿದ ಶೀಟಿನ ತುಂಡುಗಳನ್ನೂ ಒಂದು ಪೊಟ್ಟಣ ಸ್ಕ್ರೂವನ್ನೂ ಕೇಳಿ ಇಟ್ಟುಕೊಳ್ಳಿ, ಮುಂದೆ ಅದೇ ಬಣ್ಣ ಸಿಗದೇ ಹೋಗಬಹುದು. ಪ್ರತಿ ವರ್ಷ ಮೇ ಮೊದಲ ವಾರದಲ್ಲಿ ಬಂದು ಗಟರಿನ ಎಲೆ ತೆಗೆದು, ಸಡಿಲ ಸ್ಕ್ರೂ ಬಿಗಿ ಮಾಡಲು ಎಷ್ಟು ತಗೊಳ್ಳುತ್ತಾರೆ ಅಂತಲೂ ಆವತ್ತೇ ಮಾತಾಡಿ, ಅದೇ ಕಾಗದದ ಕೆಳಗೆ ಬರೆಸಿಬಿಡಿ.